ಮೊದಲು ಹೋಗುವ ಪಿನ್ನು

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮ. ಸಂಗಯ್ಯಜ್ಜನವರು ಅಲ್ಲಿನ ಗುರುಗಳು.

ಕಾವಿ ಉಡುವ ಮೊದಲು ಅವರು ಊರೂರು ತಿರುಗಿ ಮನೆಗಳಿಗೆ ವೈರಿಂಗ್ ಮಾಡುತ್ತಿದ್ದರು. ಆಶ್ರಮದ ಒಂದೊಂದು ವೈರನ್ನೂ ತಾವೇ ಎಳೆದಿದ್ದರು. ಅದರ ಬಗ್ಗೆ ಅವರಿಗೆ ಹೆಮ್ಮೆ. ಆ ಹೆಮ್ಮೆಯನ್ನು ಅವರು ಯಾರಿಂದಲೂ ಬಚ್ಚಿಟ್ಟವರಲ್ಲ.

ಅವರ ಹಿರಿಯ ಶಿಷ್ಯ ಅಡಿವೆಪ್ಪ. ಬಂದು ಹನ್ನೊಂದು ವರ್ಷವಾಗಿತ್ತು. ಓದಿನಲ್ಲಿ ಗಟ್ಟಿಗ, ಮಾತಿನಲ್ಲಿ ಮಲ್ಲ. ಅವನಿಗೂ ಹೆಮ್ಮೆ ಇತ್ತು. ಬಚ್ಚಿಡುತ್ತೇನೆಂದರೂ ಮುಚ್ಚಲು ಆಗದಷ್ಟು ದೊಡ್ಡದು.

ಆಶ್ರಮದಲ್ಲಿ ಒಂದು ರೂಢಿ. ಪ್ರವಚನ ಹೇಳುವವರು ಮೊದಲು ತಾಮ್ರದ ತಂಬಿಗೆ ಹಿಡಿದು, ಕೇಳಲು ಕುಳಿತ ಒಬ್ಬೊಬ್ಬರ ಮುಂದೆಯೂ ಬಗ್ಗಿ ಬೊಗಸೆಗೆ ನೀರು ಹಾಕಬೇಕು. ಕುಡಿದವರು ತಮ್ಮ ಎರಡು ಮಾತು ಹೇಳುತ್ತಾರೆ. ಅದನ್ನು ಕೇಳಿಸಿಕೊಂಡ ಮೇಲೆಯೇ ಮಣೆಯ ಮೇಲೆ ಕೂರಬೇಕು.

ಅಜ್ಜನವರಿಗೆ ವಯಸ್ಸಾಗಿತ್ತು. ದನಿ ಇಳಿದಿತ್ತು. ಒಂದು ದಿನ ಅಡಿವೆಪ್ಪನನ್ನು ಕರೆದರು.

"ತಮ್ಮಾ, ಬರೂ ಹುಣ್ಣಿಮಿಗೆ ಈ ತಂಬಿಗಿ ಒಬ್ಬರ ಕೈಗೆ ಕೊಟ್ಟು ನಾ ಸುಮ್ಮನಾಗಾಂವ. ನಾಕು ಸೋಮವಾರ ಗಣಿಕೇರಿಗೆ ಹೋಗಿ ಮಾತಾಡು. ಐದನೇ ವಾರಕ್ಕೂ ಬಾ ಅಂತ ಆ ಮಂದಿ ಕರದ್ರ ತಂಬಿಗಿ ನಿಂದು."

ಗಣಿಕೇರಿ ಹೊಳೆಯಾಚೆಯ ಊರು. ಕಲ್ಲು ಒಡೆಯುವವರ ಕೇರಿ.

ಅಡಿವೆಪ್ಪ ಒಳಗೊಳಗೇ ನಕ್ಕ. ಪೇಟೆಯ ಸಭಾಭವನದಲ್ಲಿ ಅವನು ಮಾತು ಮುಗಿಸಿದರೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಗಣಿಕೇರಿ ಯಾವ ಗಿಡದ ತೊಪ್ಪಲು!

ಮೊದಲ ಸೋಮವಾರ ಅಲ್ಲಿನ ಶಾಲೆಯಲ್ಲಿ ಮಾತಾಡಿದಾಗ ಜನ ತೂಕಡಿಸಿದರು. ಎರಡನೆಯ ಸೋಮವಾರ ನಡುವೆಯೇ ಎದ್ದು ಹೋದರು. ಮೂರನೆಯ ಸೋಮವಾರ ಕೊನೆಯವರೆಗೂ ಕುಳಿತವಳು ದುರಗವ್ವ ಎಂಬ ಮುದುಕಿ ಒಬ್ಬಳೇ. ಅಡಿವೆಪ್ಪ ಕುಳಿತಿದ್ದ ಚಾಪೆ ಅವಳದು. ಅವನು ಯಾವಾಗ ಏಳುತ್ತಾನೋ ಎಂದು ಕಾಯುತ್ತಿದ್ದಳು.

ಗಾಯದ ಮೇಲೆ ಬರೆ ಎಂಬಂತೆ ಚಾರ್ಜರಿನ ಪೀಡೆ ಬೇರೆ. ಅಡಿವೆಪ್ಪ ತನ್ನ ಪ್ರವಚನಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಬರೆದಿಟ್ಟು, ನೋಡಿಕೊಂಡು ಹೇಳುತ್ತಿದ್ದ. ಅದರ ಬ್ಯಾಟರಿ ಮುದಿಯಾಗಿತ್ತು. ಚಾರ್ಜರ್ ಚುಚ್ಚದಿದ್ದರೆ ಹತ್ತು ನಿಮಿಷಕ್ಕೆ ಕಣ್ಣು ಮುಚ್ಚುತ್ತಿತ್ತು. ಆ ಚಾರ್ಜರೋ, ಕೆಲವು ಕಡೆ ನಡೆಯುತ್ತಿತ್ತು, ಕೆಲವು ಕಡೆ ಇಲ್ಲ.

ನಾಲ್ಕನೆಯ ಸೋಮವಾರ ಬೆಳಗ್ಗೆ ಅವನು ಗುರುಗಳ ಮುಂದೆ ಬಂದು ನಿಂತ. ಅಜ್ಜನವರು ಅವರೆಕಾಯಿ ಸುಲಿಯುತ್ತಿದ್ದರು.

"ಅಜ್ಜಾರ, ಸಾಕೆಟ್ಟು ಕೆಟ್ಟಾವ್ರಿ."

ಅಜ್ಜನವರ ಕೈ ನಿಂತಿತು.

"ಯಾರ ಸಾಕೆಟ್ಟು?"

"ಆಶ್ರಮದ್ದರೀ."

"ಆಶ್ರಮದ್ದು ಅಂದ್ರ ನಂದು. ಹೋದ ವರ್ಷ ಹಳೇವೆಲ್ಲಾ ಕಿತ್ತು ಹೊಸಾವು ಕೂಡಿಸಿದಾಂವ ನಾನು. ಏನಾಗೇತಿ, ಹೇಳು."

"ಅಡಗಿಮನ್ಯಾಗ ಚಾರ್ಜರ್ ಒಳಗ ಹೋಗವಲ್ದು. ಪ್ರಾರ್ಥನಾ ಮಂದಿರದಾಗ ಹೋಗವಲ್ದು. ನಿಮ್ಮ ಕೋಣ್ಯಾಗೂ ಇಲ್ಲ. ಗಣಿಕೇರಿ ಸಾಲ್ಯಾಗೂ ಇಲ್ಲ."

"ಸಾಲ್ಯಾಗಿನ್ವೂ ನಾನ ಹಾಕಿದ್ದು."

"ಹಂಗಾರ ಅವೂ ಕೆಟ್ಟಾವ್ರಿ."

ಹೊಲಿದವನ ಮುಂದೆಯೇ ಅಂಗಿ ಹರಿದು ತೋರಿಸಿದಂತಾಯಿತು. ಆದರೂ ಅಜ್ಜನವರು ಸಿಟ್ಟಾಗಲಿಲ್ಲ.

"ಎಲ್ಲಿ ಹೋಗತೈತಿ?"

"ನನ್ನ ಕೋಣ್ಯಾಗ. ಪೇಟೆ ಸಭಾಭವನದಾಗ. ಅಲ್ಲಿ ಏನೂ ತಕರಾರ ಇಲ್ಲ ನೋಡ್ರಿ."

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅಡಿವೆಪ್ಪ ಬಿಡಲಿಲ್ಲ.

"ಗಣಿಕೇರಿ ಮಂದೀನೂ ಹಂಗ ಅದಾರ್ರಿ. ತಲ್ಯಾಗ ಏನೂ ಇಳಿಯಂಗಿಲ್ಲ. ಇದ ಮಾತು ಪೇಟ್ಯಾಗ ಹೇಳೀನಿ, ಮಂದಿ ಕಣ್ಣೀರ ಹಾಕ್ಯಾರ. ನನ್ನ ಮಾತಿನಾಗ ದೋಷ ಇಲ್ಲರಿ ಅಜ್ಜಾರ. ಇವತ್ತ ಕಡೀ ಸೋಮವಾರ. ಆ ಕೇರಿ ಬಿಟ್ಟು ಬ್ಯಾರೆ ಊರು ಕೊಡ್ರಿ."

ಅಜ್ಜನವರು ಮೂಲೆಯತ್ತ ಕೈ ಮಾಡಿದರು. ಅಲ್ಲೊಂದು ಟೇಬಲ್ ಫ್ಯಾನ್ ಇತ್ತು.

"ಆ ಫ್ಯಾನ್ ತಗೊಂಡು ಹೋಗು. ಇದ್ದಬದ್ದ ಸಾಕೆಟ್ಟಿಗೆಲ್ಲಾ ಹಚ್ಚಿ ನೋಡಿ ಬಾ."

ಅಡಿವೆಪ್ಪ ಫ್ಯಾನನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟ. ಪ್ರಾರ್ಥನಾ ಮಂದಿರದಲ್ಲಿ ಫ್ಯಾನ್ ತಿರುಗಿತು. ಗುರುಗಳ ಕೋಣೆಯಲ್ಲಿ ತಿರುಗಿತು. ಅಡುಗೆಮನೆಯಲ್ಲಿ ಎಷ್ಟು ಚೆನ್ನಾಗಿ ತಿರುಗಿತೆಂದರೆ ಜೋಳದ ಹಿಟ್ಟೆಲ್ಲ ಹಾರಿ, ರೊಟ್ಟಿ ಬಡಿಯುತ್ತಿದ್ದಾಕೆ ಅವನಿಗೆ ಸರಿಯಾಗಿ ಮಂಗಳಾರತಿ ಮಾಡಿದಳು.

ಕೊನೆಗೆ ತನ್ನ ಕೋಣೆಗೆ ಬಂದ. ಅಲ್ಲಿ ಮಾತ್ರ ಫ್ಯಾನಿನ ಪ್ಲಗ್ಗು ಒಳಗೆ ಹೋಗಲಿಲ್ಲ.

ಹಿಟ್ಟು ಮೆತ್ತಿದ ಮುಖ ಹೊತ್ತು ಅವನು ವಾಪಸು ಬಂದ.

"ತಿರಗಿತೇನು?"

"ಎಲ್ಲಾ ಕಡೆ ತಿರಗಿತ್ರಿ. ನನ್ನ ಕೋಣ್ಯಾಗ ಮಾತ್ರ..." ದನಿ ಸಣ್ಣಗಾಯಿತು. "ಅಲ್ಲಿ ಎರಡ ತೂತರಿ. ನೀವು ಹೊಸಾದು ಹಾಕಾಕ ಬಂದಾಗ, ಬರಿಯೂದಕ್ಕ ಅಡ್ಡಿ ಆಗತೈತಿ ಅಂತ ನಾನ ಬ್ಯಾಡ ಅಂದಿದ್ದೆ."

"ಚಾರ್ಜರ್ ತೋರಸು."

ಅಡಿವೆಪ್ಪ ತೋರಿಸಿದ. ಪ್ಲಗ್ಗಿನಲ್ಲಿ ಎರಡು ಪಿನ್ನು. ಅವುಗಳ ಮೇಲೆ ಒಂದು ಮೋಟು.

"ಇಲ್ಲಿ ದಪ್ಪಂದೊಂದು ಪಿನ್ನಿತ್ತಲ್ಲ, ಎಲ್ಲಿ ಹೋತು?"

"ಕತ್ತರಿಸೀನ್ರಿ."

"ಯಾಕ?"

"ನನ್ನ ಕೋಣ್ಯಾಗ ಹಿಡೀತಿರಲಿಲ್ಲ. ಅದು ಕೆಲಸಾ ಮಾಡೂ ಪಿನ್ನಲ್ಲ ಅಂತ ಯಾರೋ ಹೇಳಿದ್ರು. ಅದಿಲ್ಲದನ ಲ್ಯಾಪ್‌ಟಾಪ್ ಚಲೋ ನಡದಿತ್ರಿ."

ಅಜ್ಜನವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ದೀಪದ ಬುಡಕ್ಕ ಕತ್ತಲಿ ಅಂತಾರಲ್ಲ, ಸುಳ್ಳಲ್ಲ. ವೈರಿಂಗ್ ಮಾಡಾಂವನ ಶಿಷ್ಯಾ ಆಗಿ ಪಿನ್ನು ಕತ್ತರಿಸಿದೆಲ್ಲೋ!"

ಎದ್ದು ಹೋಗಿ ತಮ್ಮ ಹಳೆಯ ತಗಡಿನ ಡಬ್ಬಿ ತಂದರು. ಅದರೊಳಗಿಂದ ಬಳಸದ ಒಂದು ಸಾಕೆಟ್ಟು ತೆಗೆದು ಅವನ ಕೈಗಿಟ್ಟರು.

"ಕೆಳಗಿನ ಎರಡು ತೂತಿನಾಗ ಇಣಿಕಿ ನೋಡು."

"ಒಳಗ ಪರದೆ ಐತ್ರಿ."

"ಗಣಿಕೇರಿ ಹುಡುಗ್ರು ಕಂಡ ಕಂಡ ತೂತಿನಾಗ ಕಡ್ಡಿ ತುರಕತಿದ್ವು. ಅದಕ್ಕ ಇಂಥಾವು ಹಾಕೀನಿ. ಪೇಟೆ ಸಭಾಭವನದಾಗಿನ ಹಳೇವಕ್ಕ ಈ ಪರದೆ ಇಲ್ಲ. ಈಗ ಮ್ಯಾಲಿನ ತೂತಿನಾಗ ಇದನ್ನ ಒತ್ತು."

ಅಡಿವೆಪ್ಪ ಅವರು ಕೊಟ್ಟ ಸ್ಕ್ರೂಡ್ರೈವರ್ ಒತ್ತಿದ. ಟಕ್ಕೆಂದಿತು. ಕೆಳಗಿನ ಎರಡೂ ಪರದೆ ಸರಿದವು.

ಅವನು ತೆಗೆದ, ಮತ್ತೆ ಒತ್ತಿದ. ಮತ್ತೆ ಸರಿದವು.

"ಅಜ್ಜಾರ, ಆ ದಪ್ಪ ಪಿನ್ನಿನಾಗ ಕರೆಂಟ್ ಹರೀತೈತೇನ್ರಿ?"

"ಇಲ್ಲ."

"ಮತ್ತ ಅದರ ಕೆಲಸಾ ಏನ್ರಿ?"

"ಉಳಿದ ಎರಡಕ್ಕಿಂತಾ ಅದು ಉದ್ದ. ಮೊದಲ ಹೋಗತೈತಿ. ಬಾಗಲಾ ತಗೀತೈತಿ. ಆಮ್ಯಾಲ ಸುಮ್ಮನ ನಿಲ್ಲತೈತಿ. ಏನರ ಹೆಚ್ಚುಕಡಿಮಿ ಆದ್ರ ಹೊಡತ ತಾ ತಿಂತೈತಿ."

ಅಡಿವೆಪ್ಪ ಚಾರ್ಜರಿನ ಮೋಟನ್ನು ಬೆರಳಿನಿಂದ ಮುಟ್ಟಿ ನೋಡಿದ.

ಅಜ್ಜನವರು ಡಬ್ಬಿಯಿಂದ ಮೂರು ಪಿನ್ನಿನ ಹೊಸ ಪ್ಲಗ್ಗು ಕೊಟ್ಟರು. "ನೀನ ಕತ್ತರಿಸಿದಾಂವ, ನೀನ ಕೂಡಿಸು."

ಅಡಿವೆಪ್ಪ ಮೋಟು ಪ್ಲಗ್ಗನ್ನು ಕತ್ತರಿಸಿ ತೆಗೆದ. ಕೇಬಲ್ಲು ಸೀಳಿ ನೋಡಿದರೆ ಒಳಗೆ ಮೂರು ವೈರು. ಹಸಿರು ವೈರು ಇಷ್ಟು ದಿನವೂ ಅಲ್ಲಿಯೇ ಇತ್ತು. ಅದಕ್ಕೊಂದು ಪಿನ್ನಿರಲಿಲ್ಲ, ಅಷ್ಟೇ. ಅಜ್ಜನವರು ಬೆರಳು ತೋರಿಸಿದ ಕಡೆಯೆಲ್ಲ ಅವನು ಒಂದೊಂದೇ ವೈರು ಬಿಗಿದ. ಬೆವರಿದ. ಎರಡು ಸಲ ಸ್ಕ್ರೂ ಬೀಳಿಸಿ ಅವರೆಸಿಪ್ಪೆಯಲ್ಲಿ ಹುಡುಕಿದ.

ಬಿಗಿದಾದ ಮೇಲೆ ಅಡುಗೆಮನೆಗೆ ಓಡಿದ. ಪ್ಲಗ್ಗು ಸಲೀಸಾಗಿ ಒಳಗೆ ಹೋಯಿತು. ಚಾರ್ಜರಿನ ಪುಟ್ಟ ದೀಪ ಹತ್ತಿತು.

"ಹತ್ತಿತ್ರೀ ಅಜ್ಜಾರ!"

ಹನ್ನೊಂದು ವರ್ಷದಲ್ಲಿ ಅವನು ಕೈಯಾರೆ ದುರಸ್ತಿ ಮಾಡಿದ ಮೊದಲ ವಸ್ತು ಅದು. ಸಭಾಭವನದ ಚಪ್ಪಾಳೆಗೂ ಅವನಿಗೆ ಇಷ್ಟು ಸಂತೋಷವಾಗಿರಲಿಲ್ಲ. ರೊಟ್ಟಿ ಬಡಿಯುವಾಕೆಯನ್ನೂ ಕರೆದು ತೋರಿಸಿದ.

ತಿರುಗಿ ಬಂದು ಪಡಸಾಲೆಯಲ್ಲಿ ಕುಳಿತ. ಎದುರಿನ ಗೂಡಿನಲ್ಲಿ ತಾಮ್ರದ ತಂಬಿಗೆ ಇತ್ತು. ಅವನ ನಗು ಮೆಲ್ಲಗೆ ಇಳಿಯಿತು.

"ಅಜ್ಜಾರ, ಪೇಟ್ಯಾಗ ನೀರು ಕೊಡೂದು ಬಿಟ್ಟೀನ್ರಿ. ಅಲ್ಲಿ ಎಲ್ಲಾರ ಕೈಯಾಗೂ ಬಾಟ್ಲಿ ಇರತಾವ."

"ಗಣಿಕೇರ್ಯಾಗ?"

"ಅಲ್ಲೂ ಕೊಡಲಿಲ್ಲರಿ. ಹೊತ್ತು ಹಾಳು ಅನಸ್ತು."

ಅಜ್ಜನವರು ಅವರೆಕಾಯಿಗೆ ಕೈ ಹಾಕಿದರು.

ಸಂಜೆ ಅಡಿವೆಪ್ಪ ಗಣಿಕೇರಿಗೆ ಹೊರಟ. ತಾಮ್ರದ ತಂಬಿಗೆ ಇನ್ನೂ ಅವನದಲ್ಲ. ಅಡುಗೆಮನೆಯ ಸ್ಟೀಲಿನ ಚೊಂಬು ಕೇಳಿ ತೆಗೆದುಕೊಂಡ.

ಶಾಲೆಯ ಸಾಕೆಟ್ಟಿಗೆ ಪ್ಲಗ್ಗು ಹಾಕಿದ. ದೀಪ ಹತ್ತಿತು. ಲ್ಯಾಪ್‌ಟಾಪನ್ನು ಅಲ್ಲಿಯೇ ಬಿಟ್ಟು ಚೊಂಬು ಹಿಡಿದ.

ಕಲ್ಲಿನ ಪುಡಿ ಕೂತ ಬೊಗಸೆಗಳು. ಒಬ್ಬೊಬ್ಬರ ಮುಂದೆಯೂ ಬಗ್ಗಿದ. ಬಗ್ಗುವ ರೂಢಿ ತಪ್ಪಿದ ಸೊಂಟ ನೋಯತೊಡಗಿತು. ಒಬ್ಬ ತನ್ನ ಜಜ್ಜಿದ ಬೆರಳು ತೋರಿಸಿದ. ಇನ್ನೊಬ್ಬ ಮಗಳ ಮದುವೆ ನಿಶ್ಚಯವಾದದ್ದು ಹೇಳಿದ. ದುರಗವ್ವ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಮೂರು ವಾರಾತು ನೀ ಬರಾಕ ಹತ್ತಿ. ನೀ ಯಾರ ಮಗಾ, ಯಾ ಊರಾಂವ ಅಂತ ಯಾರಿಗೂ ತಿಳೀಲಿಲ್ಲ ನೋಡಪಾ."

ಅಡಿವೆಪ್ಪ ಅವಳ ಪಕ್ಕದಲ್ಲಿ ಕುಳಿತು ಹೇಳಿದ. ತನ್ನ ಅಪ್ಪ ಹಗ್ಗ ಹೊಸೆಯುತ್ತಿದ್ದುದನ್ನು ಹೇಳಿದ. ಸಭಾಭವನದಲ್ಲಿ ಅದನ್ನು ಅವನು ಎಂದೂ ಹೇಳಿದವನಲ್ಲ.

ಪ್ರವಚನಕ್ಕೆ ಉಳಿದದ್ದು ಕಾಲು ಗಂಟೆ. ಒಬ್ಬ ತೂಕಡಿಸಿದ. ಪಕ್ಕದವನು ಅವನನ್ನು ತಿವಿದು ಎಬ್ಬಿಸಿದ.

ಮುಗಿದ ಮೇಲೆ ದುರಗವ್ವ ಚಾಪೆ ಸುತ್ತುತ್ತ ಹೇಳಿದಳು, "ಮುಂದಿನ ಸೋಮಾರ ಜಲ್ದಿ ಬಾರಪಾ. ಚಾಪಿ ನಾನ ಹಾಸಿಟ್ಟಿರತೀನಿ."

ಮರುದಿನ ಬೆಳಗ್ಗೆ ಅಡಿವೆಪ್ಪ ಎದೆಯುಬ್ಬಿಸಿಕೊಂಡು ಗುರುಗಳ ಮುಂದೆ ನಿಂತ. ನಡೆದದ್ದನ್ನೆಲ್ಲ ಹೇಳಿದ. ಆಮೇಲೆ ತಾನು ಎದೆಯುಬ್ಬಿಸಿ ನಿಂತದ್ದು ಅರಿವಾಗಿ ತಲೆ ತಗ್ಗಿಸಿದ.

"ಹೆಮ್ಮಿ ಆಗೇತೇನು?" ಅಜ್ಜನವರು ಕೇಳಿದರು.

"ಆಗೇತ್ರಿ. ತಪ್ಪೇನ್ರಿ?"

"ತಪ್ಪ್ಯಾಕ? ಬಿಗಿಯಾಗಿ ಕೂಡಿಸೀದಿ. ನನಗೂ ಆಗೇತಿ."

ಹುಣ್ಣಿಮೆ ಬಂತು. ಪ್ರಾರ್ಥನಾ ಮಂದಿರ ತುಂಬಿತ್ತು. ಪೇಟೆಯವರು ಬಂದಿದ್ದರು, ಹೊಳೆ ದಾಟಿ ಗಣಿಕೇರಿಯವರೂ ಬಂದಿದ್ದರು. ದುರಗವ್ವ ತನ್ನ ಚಾಪೆ ತಾನೇ ತಂದಿದ್ದಳು.

ಅಜ್ಜನವರು ತುಂಬಿದ ತಂಬಿಗೆಯನ್ನು ಅಡಿವೆಪ್ಪನ ಕೈಗಿಟ್ಟರು. ಯಾರಿಂದ ಶುರು ಮಾಡಬೇಕೆಂದು ತಿಳಿಯದೆ ಅವನು ಗುರುಗಳ ಮುಖ ನೋಡಿದ.

ಅಜ್ಜನವರು ಮಣೆ ಬಿಟ್ಟು ಕೆಳಗಿಳಿದರು. ಕೇಳುವವರ ಸಾಲಿನಲ್ಲಿ, ದುರಗವ್ವನ ಚಾಪೆಯ ತುದಿಗೆ ಕುಳಿತರು. ಹನ್ನೊಂದು ವರ್ಷ ಅವನನ್ನು ತಮ್ಮಾ ಎಂದೇ ಕರೆದವರು ಈಗ ಬೊಗಸೆ ಮುಂದೆ ಚಾಚಿದರು.

"ನೀರು ಹಾಕ್ರಿ. ಈ ಸಾಲಿನಾಗ ನಾ ಹೊಸಬ."