ಗಾದಿ ಬಡಿದ ಕಿಟಕಿ

ಬಸ್‌ಸ್ಟ್ಯಾಂಡಿನ ಎದುರಿಗೇ ಮನೆ ಕಟ್ಟಿಸಿಕೊಂಡ ಮಾಜಿ ಮಾಮಲೇದಾರ ಸಾಹೇಬರಿಗೆ ಬಸ್ಸಿನ ಹಾರನ್ನಿನ ಸದ್ದು ಆಗಿಬರುತ್ತಿರಲಿಲ್ಲ. ಹತ್ತಿ ಹಿಂಜುವ ಇಮಾಮಸಾಬನನ್ನು ಕರೆಸಿದರು. “ಕಿಟಕಿ ಬಾಗಿಲಿಗೆಲ್ಲ ಗಾದಿ ಬಡಿ. ಒಳಗ ಸದ್ದು ನಿಲ್ಲೂತನಕ ನಿನ್ನ ಹಿಂಜೂ ಬಿಲ್ಲು ನನ್ನ ಮನ್ಯಾಗ ಒತ್ತಿ ಇರಲಿ.”

ಇಮಾಮಸಾಬ ಗಾದಿಯ ಮೇಲೆ ಗಾದಿ ಬಡಿದ. ಸಾಹೇಬರು ಮಾತ್ರ ದಿನಾ, “ಇನ್ನೂ ಕೇಳಸ್ತದಲೇ” ಎನ್ನುತ್ತಿದ್ದರು. ಊರಲ್ಲಿ ಇಮಾಮಸಾಬನ ಹೆಂಡತಿ ಹಡೆದಿದ್ದಳು. ಎದುರಿಗೆ ಅವನೂರಿನ ಬಸ್ಸು ಹೊರಟಾಗೆಲ್ಲ, ಇನ್ನೂ ನೋಡದ ಮಗಳೇ ಎದ್ದುಹೋದಂತಾಗಿ ಅದು ಮರೆಯಾಗುವತನಕ ನೋಡುತ್ತ ನಿಲ್ಲುತ್ತಿದ್ದ. ಬರಿಗೈಗಳು ಕೂಸು ಎತ್ತಿಕೊಂಡಂತೆ ತಾವೇ ಮಡಚಿಕೊಳ್ಳುತ್ತಿದ್ದವು.

ಒಂದು ಮಧ್ಯಾಹ್ನ ಸಾಹೇಬರು ಒಳಗೆ ಅಡ್ಡಾದರು. ಇಮಾಮಸಾಬ ಹೊರಗಿನಿಂದ ಕಿಟಕಿಗೆ ಬಾಯಿ ಹಚ್ಚಿ ಕೂಗಿದ: “ಸಾಹೇಬರ, ನಿಮ್ಮ ಅಂಗಳದ ಗಿಡದ ಮಾವಿನಹಣ್ಣು ಬಸ್ಸಿನ ಮಂದಿಗೆ ಹಂಚಲೇನ್ರೀ? ಬ್ಯಾಡಾದ್ರ ಬ್ಯಾಡ ಅನ್ರೀ!”

ಉತ್ತರವಿಲ್ಲ. ಮಂದಿ ಗಿಡ ಬೋಳಿಸಿದರು.

ಎದ್ದು ಬಂದ ಸಾಹೇಬರು ಕುಣಿದಾಡಿದರು. “ಯಾರನ್ನ ಕೇಳಿ ಕೊಟ್ಟೀ?”

“ನಿಮ್ಮನ್ನ ಕೇಳೇ ಕೊಟ್ಟೇನ್ರೀ. ಬಸ್‌ಸ್ಟ್ಯಾಂಡಿಗೆಲ್ಲ ಕೇಳೇತಿ.”

“ಸುಳ್ಳ! ನನಗ ಒಂದು ಶಬ್ದಾನೂ ಕೇಳಸಿಲ್ಲ!”

“ಹಂಗಾರ ನನ್ನ ಕೆಲಸ ಮುಗೀತ್ರೀ. ನನ್ನ ಹಿಂಜೂ ಬಿಲ್ಲು ಕೊಡ್ರಿ, ಊರಿಗೆ ಹೋಗಿ ಕೂಸಿನ ಮಾರಿ ನೋಡಬೇಕು.”

ಹಣ್ಣು ಚೀಪುತ್ತಿದ್ದ ಕಂಡಕ್ಟರ್ ಬಸ್ಸಿನ ಬಾಗಿಲಿನಿಂದಲೇ ಕೂಗಿದ: “ಲಗೂನ ಕೊಡ್ರಿ ಸಾಹೇಬರ, ಅವನ ಸಲುವಾಗಿ ಬಸ್ ನಿಂತೈತಿ!”