ಆರು ಜನ ಹಿಡಿದ ಗಳ

"ಗುರುಗಳೇ, ಹತ್ತು ಜನ ಸೇರಿ ಮಾಡಿದ ಅನ್ಯಾಯಕ್ಕೆ ಉತ್ತರ ಹೇಳಬೇಕಾದವರು ಯಾರು?" ಎಂದು ಶಿಷ್ಯ ಕೇಳಿದ.

ಅದು ಸುಮ್ಮನೆ ಕೇಳಿದ ಪ್ರಶ್ನೆಯಲ್ಲ. ಗಡಿಯ ಕಾವಲಿನವರು ಹಿಂದಕ್ಕಟ್ಟಿದ ಕೆಲವರು ದಾರಿಯಲ್ಲೇ ಸತ್ತರೆಂದು ಅಂದು ಬೆಳಿಗ್ಗೆ ಒಬ್ಬ ಯಾತ್ರಿಕ ಮಠಕ್ಕೆ ಬಂದು ಹೇಳಿದ್ದ. ಅದನ್ನು ಕೇಳಿದ ಮೇಲೆ ಗುರುಗಳು ಊಟಕ್ಕೆ ಏಳಲಿಲ್ಲ. ಸಿಟ್ಟು ಬಂದಾಗ ಅವರು ಕೂಗುವವರಲ್ಲ, ದನಿ ತಗ್ಗಿಸುವವರು. ಅಂದು ಅವರ ದನಿ ಬಹಳ ತಗ್ಗಿತ್ತು. ಅವರು ಹೇಳಿದ್ದು ಇಷ್ಟು.

ಒಂದು ನದಿ. ಅದರ ಎರಡು ದಡಗಳಲ್ಲಿ ಎರಡು ರಾಜ್ಯ. ಆಚೆಯ ರಾಜ್ಯದಲ್ಲಿ ದಂಗೆ ಎದ್ದು ಊರುಗಳು ಸುಟ್ಟುಹೋದವು. ಜನ ಹರಿಗೋಲು ಹತ್ತಿ ಈಚೆಗೆ ಬರತೊಡಗಿದರು. ಯಾರನ್ನೂ ಒಳಗೆ ಬಿಡಬೇಡಿ ಎಂದು ಈಚೆಯ ರಾಜ ಅಪ್ಪಣೆ ಮಾಡಿದ. ಆದರೆ ತಪ್ಪು ಮಾಡದವರನ್ನು ಕೊಂದರೆ ಶಿಕ್ಷೆ ಎಂಬ ಹಳೆಯ ಕಟ್ಟಳೆಯೂ ಅದೇ ರಾಜ್ಯದಲ್ಲಿತ್ತು. ಎರಡನ್ನೂ ಹೇಗೆ ನಡೆಸುವುದು ಎಂದು ಗಡಿಯ ಅಧಿಕಾರಿ ಯೋಚಿಸಿದ. ಯೋಚಿಸಿ ಒಂದು ಉದ್ದನೆಯ ಬಿದಿರಿನ ಗಳ ಕಡಿಸಿದ.

ದಡಕ್ಕೆ ಬಂದ ಹರಿಗೋಲನ್ನು ಕಾವಲಿನವರು ಆ ಗಳದಿಂದ ನಡುನೀರಿಗೆ ನೂಕಬೇಕು. ಒಬ್ಬನೇ ನೂಕಬಾರದು, ಆರು ಜನ ಒಟ್ಟಿಗೆ ಹಿಡಿಯಬೇಕು. ಗಳ ಅಷ್ಟು ಭಾರವಾಗಿತ್ತು ಎಂದಲ್ಲ, ಇಬ್ಬರೇ ಸಾಕಾಗಿತ್ತು. ಆರು ಜನ ಹಿಡಿದರೆ ಯಾರ ಕೈ ನೂಕಿತು, ಯಾರ ಕೈ ಬರಿದೆ ಗಳದ ಮೇಲಿತ್ತು ಎಂದು ಯಾರೂ ಹೇಳಬೇಕಾಗುವುದಿಲ್ಲ. ಅದಕ್ಕಾಗಿಯೇ ಆರು ಜನ. ಅವರು ದಿನವೂ ಮನೆಗೆ ಹೋಗಿ ಹೊಟ್ಟೆ ತುಂಬ ಉಣ್ಣುತ್ತಿದ್ದರು.

ಒಂದು ಮಧ್ಯಾಹ್ನ ಒಬ್ಬ ಕುಂಬಾರ ಹೆಂಗಸು ಗಂಡ ಮತ್ತು ಮಗಳ ಜೊತೆ ಬಂದಳು. ಮಗಳಿಗೆ ಏಳು ವರ್ಷ. ಮೈ ಸುಡುತ್ತಿತ್ತು.

"ಅಣ್ಣಂದಿರಾ, ಮಗುವಿಗೆ ಜ್ವರ. ಇವಳೊಬ್ಬಳನ್ನು ಇಳಿಸಿಕೊಳ್ಳಿ. ನಾವಿಬ್ಬರೂ ಹಿಂದೆ ಹೋಗುತ್ತೇವೆ" ಎಂದಳು.

"ಅಣ್ಣಂದಿರಂತೆ! ಇದೇನು ನಿನ್ನ ತವರುಮನೆಯೇನೇ, ಬಾಗಿಲಲ್ಲಿ ನಿಂತು ನಿನ್ನ ದಾರಿ ಕಾಯುವುದಕ್ಕೆ?" ಎಂದ ಮುಂದೆ ನಿಂತವನು. ಉಳಿದವರು ನಕ್ಕರು.

ಗಳ ಹರಿಗೋಲಿನ ಒಂದು ಪಕ್ಕಕ್ಕೆ ಬಡಿಯಿತು. ಹರಿಗೋಲು ದೋಣಿಯಂತೆ ಉದ್ದವಲ್ಲ, ಬುಟ್ಟಿಯಂತೆ ದುಂಡು. ನೇರ ನೂಕಿದರೆ ಹಿಂದೆ ಸರಿಯುತ್ತದೆ. ಪಕ್ಕಕ್ಕೆ ನೂಕಿದರೆ ಗಿರ್ರನೆ ತಿರುಗುತ್ತದೆ. ಹೊಳೆಯ ದಡದಲ್ಲೇ ಹುಟ್ಟಿ ಬೆಳೆದ ಆ ಆರು ಜನರಿಗೆ ಇದು ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಹರಿಗೋಲು ಎರಡು ಸುತ್ತು ತಿರುಗಿ ಮಗುಚಿತು. ಗಂಡ ಮಗಳನ್ನು ಹಿಡಿಯಲು ಹೋಗಿ ಮಗಳ ಜೊತೆಗೇ ಮುಳುಗಿದ. ಹೆಂಗಸಿನ ಕೈಗೆ ಗಳದ ತುದಿ ಸಿಕ್ಕಿತು. ಅವಳು ಅದನ್ನು ತಬ್ಬಿಕೊಂಡಳು.

"ಏಯ್, ಬಿಡೇ! ಅರಮನೆಯ ಗಳ ಅದು! ಹೋಯಿತೆಂದರೆ ನಾವು ಉತ್ತರ ಹೇಳಬೇಕು!"

ಅವಳು ಬಿಡಲಿಲ್ಲ. ಗಳ ಕೈತಪ್ಪಬಾರದೆಂದು ಆರೂ ಜನ ಎಳೆದರು. ಗಳದ ಜೊತೆ ಅವಳೂ ದಡಕ್ಕೆ ಬಂದಳು. ಅವಳನ್ನು ಉಳಿಸಿದ್ದು ಕರುಣೆಯಲ್ಲ, ಬಿದಿರಿನ ಮೇಲಿನ ಕಾಳಜಿ.

ಅವಳು ಅನ್ನ ಕೇಳಲಿಲ್ಲ, ನೆರಳು ಕೇಳಲಿಲ್ಲ. ಒದ್ದೆ ಸೀರೆಯಲ್ಲೇ ನಡೆದು ನ್ಯಾಯಾಧಿಕಾರಿಯ ಮುಂದೆ ನಿಂತಳು. "ನನ್ನ ಮಗಳನ್ನು ಮುಳುಗಿಸಿದವರು ಇಂಥವರು ಎಂದು ಈ ನಾಡು ಒಂದು ಸಲ ಬಾಯಿಬಿಟ್ಟು ಹೇಳಲಿ. ನನಗೆ ಬೇರೇನೂ ಬೇಡ" ಎಂದಳು.

ನ್ಯಾಯಾಧಿಕಾರಿ ಕಾವಲಿನವರನ್ನು ಕರೆಸಿದ. "ನನ್ನ ಕೈ ಗಳದ ಮೇಲಿತ್ತು, ಅಷ್ಟೇ ಸ್ವಾಮಿ" ಎಂದ ಒಬ್ಬ. "ಮುಂದಿನವರು ಹೋದ ಹಾಗೆ ನಾನೂ ಹೋದೆ" ಎಂದ ಇನ್ನೊಬ್ಬ. ಉಳಿದ ನಾಲ್ವರೂ ಇದನ್ನೇ ತಿರುಗಿಸಿ ಹೇಳಿದರು. "ನಾನು ನೂಕಿ ಎಂದೆ, ಮುಳುಗಿಸಿ ಎನ್ನಲಿಲ್ಲ" ಎಂದ ಅಧಿಕಾರಿ. ರಾಜನ ಅಪ್ಪಣೆಯನ್ನು ತೆಗೆದು ಓದಿದರೆ ಅದರಲ್ಲಿ ನೂಕಿ ಎಂಬ ಮಾತೂ ಇರಲಿಲ್ಲ.

"ಸ್ವಾಮಿ, ನಾನು ಹೇಳುತ್ತೇನೆ" ಎಂದು ಹೆಂಗಸು ಮುಂದೆ ಬಂದಳು.

ನ್ಯಾಯಾಧಿಕಾರಿ ಗಡಿಯ ಕಡತ ತರಿಸಿದ. ಅಂದು ಬಂದ ಮೂವರನ್ನೂ ಹಿಂದಕ್ಕೆ ಕಳಿಸಲಾಗಿದೆ ಎಂದು ಅದರಲ್ಲಿ ಬರೆದಿತ್ತು. "ಕಡತದ ಪ್ರಕಾರ ನೀನು ಈ ನಾಡಿಗೆ ಬಂದೇ ಇಲ್ಲವಲ್ಲಮ್ಮ. ಬಾರದವಳ ಮಾತನ್ನು ನಾನು ಹೇಗೆ ಬರೆಸಿಕೊಳ್ಳಲಿ?" ಎಂದ. ಅವಳನ್ನು ಹೊರಗೆ ಕಳಿಸಿದರು. ಒಳಗೆ ಏನು ನಡೆಯುತ್ತಿದೆಯೆಂದು ಅವಳು ಬಾಗಿಲಿಗೆ ಕಿವಿಯಿಟ್ಟು ಕೇಳಿದಳು.

ತೀರ್ಪಾಯಿತು. ಮನುಷ್ಯರಲ್ಲಿ ತಪ್ಪು ಕಾಣಲಿಲ್ಲ, ಆದ್ದರಿಂದ ತಪ್ಪು ಗಳದ್ದು. ಸಂತೆಯ ನಡುವೆ ಅದಕ್ಕೆ ನೂರು ಚಾಟಿಯೇಟು. ಜನ ಗುಂಪುಗೂಡಿ ನೋಡಿದರು. ನ್ಯಾಯ ಸಿಕ್ಕಿತಲ್ಲ ಎಂದು ಕೆಲವರು ಸಮಾಧಾನಪಟ್ಟುಕೊಂಡರು. ನಲವತ್ತನೆಯ ಏಟಿಗೆ ಗಳ ಸೀಳಿತು. ಅಧಿಕಾರಿ ಓಡಿಬಂದು, "ಅರಮನೆಯ ಗಳ ಮುರಿದವನು ಯಾರು?" ಎಂದು ಕೂಗಿದ. ಚಾಟಿ ಬೀಸಿದವನನ್ನು ಅಲ್ಲೇ ಹಿಡಿದು ಸೆರೆಗೆ ಹಾಕಿದರು. ಅಪರಾಧಿ ಯಾರೆಂದು ಕಂಡುಹಿಡಿಯುವುದು ಆ ರಾಜ್ಯಕ್ಕೆ ಚೆನ್ನಾಗಿ ಬರುತ್ತಿತ್ತು.

ಮರುದಿನ ಹೊಸ ಗಳ ಬಂತು. ಕಡತದಲ್ಲಿ ಬರೆದದ್ದು ಸುಳ್ಳಾಗಬಾರದಲ್ಲ? ಆ ಹೆಂಗಸನ್ನು ಒಂದು ಹರಿಗೋಲಿನಲ್ಲಿ ಕೂರಿಸಿ, ಆರು ಜನ ಸೇರಿ ನೂಕಿದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ಕೆಂಪಾಗಿತ್ತು.

"ಥೂ, ಎಂಥ ಜನ!" ಎಂದ ಅವನು. ಸ್ವಲ್ಪ ಹೊತ್ತು ಯೋಚಿಸಿ, "ಆದರೂ ಗುರುಗಳೇ, ಆ ನ್ಯಾಯಾಧಿಕಾರಿ ಒಳ್ಳೆಯವನೇ ಆಗಿದ್ದರೂ ಏನು ಮಾಡಲು ಆಗುತ್ತಿತ್ತು? ಆರು ಜನರಲ್ಲಿ ನೂಕಿದವನು ಯಾರೆಂದು ಕಂಡವರೇ ಇರಲಿಲ್ಲವಲ್ಲ" ಎಂದ.

ಗುರುಗಳು ಹೇಳಿದರು: "ಆ ಆರು ಮುಖಗಳನ್ನೂ ಎದುರಿನಿಂದ ಕಂಡವಳು ಗಳದ ಇನ್ನೊಂದು ತುದಿಯಲ್ಲಿದ್ದಳು, ಅವಳನ್ನು ಹೊರಗೆ ಕಳಿಸಿದವರಲ್ಲಿ ಈಗ ನೀನೂ ಒಬ್ಬನಾದೆ."