ಗೌಡರ ಕಿಚ್ಚು, ತಾಯಮ್ಮನ ಅವರೆ

ಹೊಟ್ಟೆಕಿಚ್ಚು ಎಲ್ಲ ಸೀಮೆಯಲ್ಲೂ ನೀರಿಲ್ಲದೆ ಬೆಳೆಯುತ್ತದೆ. ತಾಯಮ್ಮನ ಅವರೆಯ ಸೊಗಡನ್ನು ಊರೆಲ್ಲ ಹೊಗಳಿದ್ದೇ ತಡ, ಮುದ್ದೇಗೌಡರಿಗೆ ಅನ್ನ ಸೇರಲಿಲ್ಲ. "ಈ ಸಲ ಅವಳ ಹೊಲದಲ್ಲಿ ಕಳೆ ಕೀಳೋಕೆ ಒಬ್ಬರೂ ಹೋಗಕೂಡದು" ಎಂದು ಆಳುಗಳಿಗೆಲ್ಲ ಅಪ್ಪಣೆ ಮಾಡಿದರು. ಕಳೆ ಕೀಳದಿದ್ದರೆ ಬೆಳೆ ಮುಗಿದಂತೆಯೇ.

ತಾಯಮ್ಮ ಬಿತ್ತನೆ ಮುಗಿಸಿದವಳೇ ನಲ್ಲಿಯ ಹತ್ತಿರ ಗೌಡರ ಹೆಂಡತಿಗೆ ಗುಟ್ಟು ಹೇಳಿದಳು: "ಅಕ್ಕಾ, ನೀವು ಜೋಳಕ್ಕೆ ತಂದಿರೋ ಕಳೆ ಔಷಧಿ ನನ್ನ ಮಣ್ಣಿಗೆ ಬೀಳದಿದ್ರೆ ಸಾಕು. ಬಿದ್ರೆ ನನ್ನ ಅವರೆ ಕಥೆ ಮುಗೀತು!"

ಮಾರನೇ ಬೆಳಿಗ್ಗೆಯೇ ಗೌಡರು ಪಂಪು ಬೆನ್ನಿಗೇರಿಸಿ ಅವಳ ಹೊಲಕ್ಕೆಲ್ಲ ಔಷಧಿ ಹೊಡೆದು ಬಂದರು.

ಅವರೆ ನಗುನಗುತ್ತ ಎದ್ದಿತು. ಕಳೆ ಏಳಲೇ ಇಲ್ಲ.

"ಇದೇನಮ್ಮಿ ಇದು?" ಬದುವಿನ ಮೇಲೆ ನಿಂತು ಗೌಡರು ಬೆವರಿದರು.

"ಆ ಔಷಧೀನ ಅವರೆ ತಡ್ಕೊಳ್ಳುತ್ತೆ ಗೌಡ್ರೇ, ಕಳೆ ತಡ್ಕೊಳ್ಳಲ್ಲ. ಬರೋ ವರ್ಷವೂ ಹೀಗೇ ಉರ್ಕೊಳ್ಳಿ, ನಂಗೆ ಆಳು ಹುಡುಕೋದು ತಪ್ಪುತ್ತೆ!"